ಅಮಾವಾಸ್ಯೆಯ ಏರುನೀರು

ಹೊಳೆಯ ಮೇಲೆ ನಿಲ್ಲುವುದನ್ನು ನಾನು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ಡಾಕ್ಟರರ ಮೇಲಿನ ಸಿಟ್ಟಿನಿಂದ. ಸಕ್ಕರೆ ಗಡಿಯಲ್ಲಿ ಉಂಟು, ತೂಕ ಇಳಿಸಿ, ದಿನಾ ನಡೆಯಿರಿ ಎಂದು ಅವರು ಮೂರನೆಯ ಸಲ ಹೇಳಿದಾಗ ನನಗೆ ರೇಗಿತು. ಎಲ್ಲಿ ನಡೆಯುವುದು? ಉಪ್ಪಳದ ಹೆದ್ದಾರಿಯ ಬದಿಯಲ್ಲಿ ನಡೆದರೆ ಸಕ್ಕರೆಗಿಂತ ಮೊದಲು ಲಾರಿ ನನ್ನನ್ನು ಮುಗಿಸುತ್ತದೆ. ಒಳರಸ್ತೆಯಲ್ಲಿ ನಾಯಿಗಳು. ಶಾಲೆಯ ಮೈದಾನಕ್ಕೆ ನಾಲ್ಕು ಸುತ್ತು ಹಾಕಿದರೆ ಐದನೆಯ ಸುತ್ತಿಗೆ ಹಿಂದಿನಿಂದ ಯಾರೋ ನನ್ನ ನಡಿಗೆಯನ್ನು ನಕಲು ಮಾಡುತ್ತಿರುತ್ತಾರೆ. ಇದರ ಮೇಲೆ ನನ್ನ ಎಡ ಮೊಣಕಾಲು ಆಗಾಗ ಹಟ ಹಿಡಿಯುತ್ತಿತ್ತು. ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿದಾಗ ಡಾಕ್ಟರರು ಕನ್ನಡಕ ತೆಗೆದು, "ಹಾಗಾದ್ರೆ ನೀರಲ್ಲಿ ಎಂತಾದ್ರೂ ಮಾಡಿ. ಮೊಣಕಾಲಿಗೆ ಭಾರ ಬೀಳುದಿಲ್ಲ" ಎಂದರು.

ನೀರಿನಲ್ಲಿ ಏನು ಮಾಡುವುದು? ನಾನು ಮೀಂಜದ ಕಡೆಯವಳು. ಅಲ್ಲಿ ನಮಗೆ ನೀರೆಂದರೆ ಬಾವಿ, ಕೆರೆ ಮತ್ತು ತೋಟದ ನಡುವಿನ ತೋಡು. ಹೆಣ್ಣುಮಕ್ಕಳು ಕೆರೆಯ ಮೂರನೆಯ ಮೆಟ್ಟಿಲಿಗಿಂತ ಕೆಳಗೆ ಇಳಿದರೆ ಬೆನ್ನಿಗೆ ಬೀಳುತ್ತಿತ್ತು. ಈಜು ನನಗೆ ಬರುವುದಿಲ್ಲ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಈ ಸಂಕಟವನ್ನು ಪಕ್ಕದ ಕುರ್ಚಿಯವರಿಗೆ ಹೇಳಿದೆ.

ಪಕ್ಕದ ಕುರ್ಚಿಯವರು ಗಣಿತದ ಟೀಚರ್. ನಾನು ಕನ್ನಡದ ಟೀಚರ್. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಒಂದೇ ತಿಂಗಳಲ್ಲಿ ಆ ಶಾಲೆಗೆ ಬಂದವರು ನಾವು. ಅಂದಿನಿಂದ ಅವರು ನನ್ನನ್ನು, ನಾನು ಅವರನ್ನು ಟೀಚರೆ ಎಂದೇ ಕರೆದದ್ದು. ಅವರದು ಬ್ಯಾರಿ ಮುಸ್ಲಿಮರ ಮನೆತನ, ಗಂಡ ಶಾರ್ಜಾದಲ್ಲಿ ವ್ಯಾಪಾರ. ಊಟದ ಹೊತ್ತಿಗೆ ಅವರ ಡಬ್ಬಿ ಮೇಜಿನ ಆ ತುದಿಯಲ್ಲಿ, ನನ್ನದು ಈ ತುದಿಯಲ್ಲಿ, ನಡುವೆ ಉಪ್ಪಿನಕಾಯಿ. ನನ್ನ ಏಕಾದಶಿಯ ದಿನ ಅವರು ಮೀನು ತರುತ್ತಿರಲಿಲ್ಲ. ನಾನು ಕೇಳಿದ್ದಲ್ಲ, ಅವರಾಗಿ ಬಿಟ್ಟದ್ದು. ಅವರಿಗೂ ತಿಂಗಳಿಗೆ ಮೂರು ಉಪವಾಸ ಇತ್ತು, ಚಂದ್ರನ ಹದಿಮೂರು, ಹದಿನಾಲ್ಕು, ಹದಿನೈದನೆಯ ದಿನ. ಆ ಮೂರು ದಿನ ನಾನು ಡಬ್ಬಿ ಹಿಡಿದುಕೊಂಡು ಲೈಬ್ರರಿಗೆ ಹೋಗಿ ಉಣ್ಣುತ್ತಿದ್ದೆ.

ನನ್ನ ಸಂಕಟ ಕೇಳಿ ಅವರು ನಗಲಿಲ್ಲ. ಸಂಜೆ ಬಸ್ಸು ಸೇತುವೆಯ ಮೇಲೆ ಹೋಗುವಾಗ ನನ್ನ ತೋಳು ಹಿಡಿದು ಕಿಟಕಿಯ ಹೊರಗೆ ತೋರಿಸಿದರು. "ಅದೆಂತ ಅಂತ ನೋಡಿ ಟೀಚರೆ. ನೀರಿನ ಮೇಲೆ ನಿಂತುಕೊಂಡು ಹೋಗ್ತಾರೆ!"

ಕೆಳಗೆ ಶಿರಿಯ ಹೊಳೆಯಲ್ಲಿ ಇಬ್ಬರು ಪ್ರವಾಸಿಗರು ಉದ್ದದ ಹಲಗೆಗಳ ಮೇಲೆ ನಿಂತು, ಕೈಯಲ್ಲಿ ಒಂದೊಂದು ಹುಟ್ಟು ಹಿಡಿದು, ಸಾವಕಾಶವಾಗಿ ಹೋಗುತ್ತಿದ್ದರು. ದೋಣಿ ಇಲ್ಲ, ಮೋಟಾರು ಇಲ್ಲ, ಗಡಿಬಿಡಿಯೂ ಇಲ್ಲ. ನಾನು ಅವರನ್ನು ನೋಡಿದ್ದು ಕ್ಷಣ ಮಾತ್ರ. ಆಮೇಲೆ ನೋಡಿದ್ದು ಟೀಚರ ಮುಖವನ್ನು. ಹದಿನಾರು ವರ್ಷದಲ್ಲಿ ಆ ಮುಖದಲ್ಲಿ ಅಂಥ ಆಸೆ ನಾನು ಕಂಡಿರಲಿಲ್ಲ. ಹೊಳೆಯ ಆಚೆ ದಡದಲ್ಲಿ ಹುಟ್ಟಿ ಬೆಳೆದವರು ಅವರು, ಮೀನಿನ ಹಾಗೆ ಈಜುತ್ತಿದ್ದವರು. ಹನ್ನೊಂದು ವರ್ಷ ತುಂಬಿದ ಮೇಲೆ ನೀರಿಗೆ ಇಳಿಯಲಿಕ್ಕೆ ಮನೆಯವರು ಬಿಡಲಿಲ್ಲ. ಮದುವೆಯಾಗಿ ಈಚೆ ದಡಕ್ಕೆ ಬಂದರು. ಮೂವತ್ತಾರು ವರ್ಷದಿಂದ ಹೊಳೆ ಅವರಿಗೆ ಕಿಟಕಿಯಿಂದ ನೋಡುವ ವಸ್ತುವಾಗಿತ್ತು.

ಆ ಹಲಗೆಗಳ ಯಜಮಾನ ಹೊಳೆ ಬದಿಯಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ಇಟ್ಟುಕೊಂಡಿದ್ದ ಮಧ್ಯವಯಸ್ಸಿನ ಮನುಷ್ಯ. ಕೊಲ್ಲಿ ದೇಶದ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಈಜುಕೊಳ ಕಾದು ಬಂದವರು. ಮಳೆಗಾಲ ಮುಗಿದ ಅಕ್ಟೋಬರಿನ ಒಂದು ಬೆಳಿಗ್ಗೆ ಇಬ್ಬರು ಟೀಚರುಗಳು ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕೇಳುತ್ತಾ ಬಂದು ನಿಂತಾಗ ಅವರಿಗೆ ಏನೆನಿಸಿತೋ, ಹೊರಗೆ ತೋರಿಸಿಕೊಳ್ಳಲಿಲ್ಲ. ಮನೆಯಲ್ಲಿ ನನ್ನ ಗಂಡ ಮಾತ್ರ, "ಹಲಗೆ ಮೇಲೆ ನಿಲ್ಲಲಿಕ್ಕೆ ಹೊಳೆಗೆ ಯಾಕೆ ಮಾರಾಯ್ತಿ? ಅಟ್ಟದಲ್ಲಿ ಬೇಕಾದಷ್ಟು ಉಂಟಲ್ಲ" ಎಂದಿದ್ದರು.

ಮೊದಲ ದಿನ ದಡದ ಮರಳಿನಲ್ಲೇ ಪಾಠ. ಹಲಗೆಯ ನಡುವೆ ಮಂಡಿಯೂರುವುದು, ಹುಟ್ಟನ್ನು ಅಡ್ಡ ಇಟ್ಟು ಒಂದೊಂದೇ ಪಾದ ಎತ್ತಿಡುವುದು, ಮೊಣಕಾಲು ಸ್ವಲ್ಪ ಬಗ್ಗಿಸಿ ಎದ್ದು ನಿಲ್ಲುವುದು. ಕಾಲಿಗೆ ಒಂದು ಹಗ್ಗ, ಬಿದ್ದರೂ ಹಲಗೆ ಬಿಟ್ಟುಹೋಗದ ಹಾಗೆ. "ಕಾಲು ನೋಡ್ಬೇಡಿ ಟೀಚರೇ, ದೂರ ನೋಡಿ" ಎಂದು ಅವರು ನೂರು ಸಲ ಹೇಳಿರಬಹುದು. ನೀರಿಗೆ ಇಳಿದ ಮೇಲೆ ನಾನು ಮಾಡಿದ ತಪ್ಪು ಬೇರೆಯೇ. ತೋಟದ ಮನೆಯಲ್ಲಿ ಬೆಳೆದವಳ ಕೈಗೆ ಉದ್ದದ ಕೋಲು ಕೊಟ್ಟರೆ ಅದು ಹಿಡಿಯುವುದು ದೋಟಿ ಹಿಡಿಯುವ ರೀತಿಯಲ್ಲಿ. ನುಗ್ಗೆಕಾಯಿ, ಪೇರಳೆ, ಹಸಿ ಅಡಿಕೆ ಎಲ್ಲ ಎಳೆದು ಪಳಗಿದ ಕೈ. ನಾನು ಹುಟ್ಟನ್ನು ಎರಡು ಕೈಯಲ್ಲೂ ಬುಡದಲ್ಲಿ ಹಿಡಿದು ಮುಂದಿನ ನೀರಿಗೆ ಚುಚ್ಚಿ ನನ್ನ ಕಡೆಗೆ ಜಗ್ಗಿದೆ. ಏನೂ ಬೀಳಲಿಲ್ಲ, ನಾನು ಬಿದ್ದೆ.

ಮೂಗಿನಲ್ಲಿ ಉಪ್ಪುನೀರು. ಲೈಫ್ ಜಾಕೆಟ್ ನನ್ನನ್ನು ಮೇಲಕ್ಕೆ ತಂದಾಗ ಟೀಚರು ತನ್ನ ಹಲಗೆಯ ಮೇಲೆ ಮಂಡಿಯೂರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಎಂತ ಟೀಚರೆ, ಅಡಿಕೆ ಎಷ್ಟು ಸಿಕ್ಕಿತು?" ಎಂದರು. ಆಮೇಲೆ, ನಗು ನಿಲ್ಲುವ ಮೊದಲೇ, ಅವರೂ ಬಿದ್ದರು. ಬಿದ್ದದ್ದೋ ಇಳಿದದ್ದೋ ನನಗೆ ಇಂದಿಗೂ ಸಂಶಯ. ತಲೆಗೆ ಬಿಗಿದ ವಸ್ತ್ರ ಒದ್ದೆಯಾಗಿ, ಎರಡೂ ಕೈ ಚಾಚಿ, ಮುಖ ಆಕಾಶಕ್ಕೆ ಮಾಡಿ ಅವರು ಸುಮ್ಮನೆ ತೇಲುತ್ತಾ ಉಳಿದರು. ಯಜಮಾನರು ದಡದಿಂದ ಕೂಗಿದರೂ ಎದ್ದು ಬರಲಿಲ್ಲ.

ಎರಡು ತಿಂಗಳಲ್ಲಿ ನಾನು ನೆಟ್ಟಗೆ ನಿಲ್ಲಲು ಕಲಿತೆ. ಮೈಯಲ್ಲಿ ಇಂಥಿಂಥ ಕಡೆ ಸ್ನಾಯು ಉಂಟು ಎಂದು ನನಗೆ ಗೊತ್ತಾದದ್ದೇ ಆಗ. ಮೊದಮೊದಲು ಅಂಗಾಲು ಸೆಳೆಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಅಯ್ಯೋ ಎಂದು ಬಾಯಿಗೆ ಬರುತ್ತಿತ್ತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಬಳೆ ಸಡಿಲವಾಯಿತು, ನಿದ್ದೆ ಸರಿಯಾಯಿತು, ಮೊಣಕಾಲು ಹಟ ಬಿಟ್ಟಿತು. ಡಾಕ್ಟರರು ರಕ್ತದ ರಿಪೋರ್ಟು ನೋಡಿ ತಲೆ ಆಡಿಸಿದರು. ಅವರ ಎದುರು ನಾನು ಗೆದ್ದವಳ ಹಾಗೆ ಕೂತಿದ್ದೆ.

ಆದರೆ ಹೊಳೆಗೆ ಯಾವಾಗ ಹೋಗುವುದು ಎಂಬುದು ನಮ್ಮ ಕೈಯಲ್ಲಿರಲಿಲ್ಲ. ಸಮುದ್ರ ಹತ್ತಿರ ಇರುವ ಹೊಳೆ ಅದು. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿಯುವಾಗ ಹೊರಟರೆ ಸಮುದ್ರ ಸೇರುವ ಅಳಿವೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ತುಂಬಿ ನಿಂತ ಅರ್ಧ ಮುಕ್ಕಾಲು ಗಂಟೆಯೇ ನಮ್ಮಂಥವರಿಗೆ ಸರಿ. ಆ ಹೊತ್ತು ಚಂದ್ರನ ಜೊತೆ ದಿನಾ ಸ್ವಲ್ಪ ಸ್ವಲ್ಪ ಮುಂದೆ ಹೋಗುತ್ತದೆ. ಒಳನಾಡಿನವಳಾದ ನನಗೆ ಇದು ಹೊಸ ವಿದ್ಯೆ. ಟೀಚರಿಗೆ ಅಲ್ಲ. ಅವರು ತನ್ನ ಚಂದ್ರನ ತಾರೀಕು ಎಣಿಸುವರು, ನಾನು ಗೋಡೆಯ ಪಂಚಾಂಗ ನೋಡುವೆ, ಇಬ್ಬರೂ ಸ್ಟಾಫ್ ರೂಮಿನಲ್ಲಿ ಕೂತು ತಾಳೆ ಹಾಕುವೆವು. ದಶಮಿ ಏಕಾದಶಿಯ ಬೆಳಿಗ್ಗೆ ಏಳರ ಹೊತ್ತಿಗೆ ಹೊಳೆ ತುಂಬಿರುತ್ತದೆ, ಶಾಲೆ ಹತ್ತಕ್ಕೆ. ಹೀಗೆ ನನ್ನ ಉಪವಾಸದ ದಿನಗಳೇ ನಮ್ಮ ಹೊಳೆಯ ದಿನಗಳಾದವು. ಹೊಟ್ಟೆ ಖಾಲಿ, ಮೈ ಹಗುರ, ಎದುರಿಗೆ ಅಲ್ಲಾಡದ ನೀರು.

ಜನವರಿಯ ಒಂದು ಬೆಳಿಗ್ಗೆ ನಡುಹೊಳೆಯಲ್ಲಿ ಹಲಗೆಗಳನ್ನು ಪಕ್ಕಪಕ್ಕ ನಿಲ್ಲಿಸಿದಾಗ ಟೀಚರು ಆಚೆ ದಡಕ್ಕೆ ಕೈ ತೋರಿಸಿದರು. ತೆಂಗಿನ ಸಾಲಿನ ಕೆಳಗೆ ಏಳೆಂಟು ಕೆಂಪುಕಲ್ಲಿನ ಮೆಟ್ಟಿಲು ನೀರಿನ ಕಡೆಗೆ ಇಳಿದಿದ್ದವು. ಅದು ಅವರ ತವರಿನ ಕಡವು.

"ಸೇತುವೆ ಆಗುವ ಮೊದಲು ಹೊಳೆ ದಾಟಿಸುವ ದೋಣಿ ಅಲ್ಲಿಗೇ ಬರ್ತಿತ್ತು" ಎಂದರು. "ನಾನು ಮದುವೆ ಆಗಿ ಹೋದ ಮೇಲೆ ಯಾವಾಗ ಬಂದ್ರೂ ಉಮ್ಮ ಕೆಳಗಿನ ಮೆಟ್ಟಿಲಲ್ಲಿ ನಿಂತಿರ್ತಿದ್ರು. ಸೇತುವೆ ಆಯ್ತು, ನಾನು ಆಟೋದಲ್ಲಿ ಎದುರಿನ ಗೇಟಿಗೆ ಇಳಿಯುದು. ಉಮ್ಮ ಮತ್ತೂ ಹಿಂದಿನ ಕಡವಿನಲ್ಲೇ ಕಾದು ನಿಲ್ಲುದು. ಎಷ್ಟು ಹೇಳಿದ್ರೂ ಅಭ್ಯಾಸ ಹೋಗ್ಲಿಲ್ಲ."

ಅವರ ತಾಯಿ ತೀರಿಹೋಗಿ ಆರು ವರ್ಷವಾಗಿತ್ತು. ಅಣ್ಣಂದಿರು ಮನೆ ಮಾರಿ ಬೇರೆ ಬೇರೆ ಕಡೆ ನೆಲೆಸಿದ್ದರು. ಎದುರಿನ ಗೇಟಿಗೆ ಈಗ ಬೇರೆಯವರ ಬೀಗ. ಕಡವು ಮಾತ್ರ ಯಾರದೂ ಅಲ್ಲ, ಹೊಳೆಯಿಂದ ಬಂದವರನ್ನು ತಡೆಯುವವರಿಲ್ಲ.

"ಒಂದು ಸಲ ನೀರಿನಿಂದ ಹೋಗಿ ಆ ಮೆಟ್ಟಿಲಲ್ಲಿ ಇಳಿಯಬೇಕು ಟೀಚರೆ" ಎಂದರು. "ಮನೆಯೊಳಗೆ ಹೋಗುದು ಬೇಡ. ಇಳಿದು, ಕೂತು, ವಾಪಸ್ ಬರುದು. ಅಷ್ಟೇ."

ಅವರು ನನ್ನ ಹತ್ತಿರ ಏನನ್ನಾದರೂ ಬೇಕು ಎಂದು ಹೇಳಿದ್ದು ಅದೊಂದೇ. ನಾನು ಆ ಕ್ಷಣವೇ, "ಹೋಗುವ ನಡೀರಿ" ಎಂದೆ. ಹೋದೆವು ಕೂಡ. ಆದರೆ ಕಡವಿನ ಎದುರು ಕೆಸರು ತುಂಬಿತ್ತು. ಮೆಟ್ಟಿಲು ಇನ್ನು ಹತ್ತು ಮಾರು ಇದೆ ಎನ್ನುವಾಗ ಹಲಗೆಯ ಅಡಿಯ ರೆಕ್ಕೆ ಕೆಸರಿಗೆ ಕಚ್ಚಿತು. ಟೀಚರು ಕೆಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಯಿತು. ಹೇಗೋ ಹೊರಳಿಸಿ ಹಿಂದೆ ತಂದೆವು.

ಮರುದಿನ ಅವರೇ ಉಪಾಯ ತಂದರು. ಏಕಾದಶಿಯ ನೀರು ತುಂಬುವುದು ಕಡಿಮೆ. ಎಲ್ಲಕ್ಕಿಂತ ಎತ್ತರಕ್ಕೆ ಬರುವುದು ಅಮಾವಾಸ್ಯೆ ಹುಣ್ಣಿಮೆಯ ಏರುನೀರು, ಅದು ಕೆಸರನ್ನು ಮುಚ್ಚಿ ಮೆಟ್ಟಿಲು ಮುಟ್ಟುತ್ತದೆ. ಆದರೆ ಆ ದಿನ ತುಂಬುವುದು ಹನ್ನೊಂದರ ಮೇಲೆ, ಊರೆಲ್ಲ ಎಚ್ಚರವಿರುವ ಹೊತ್ತು. ರಜೆಯೂ ಆಗಿರಬೇಕು. ಲೆಕ್ಕ ಹಾಕಿದರೆ ಮಾರ್ಚಿನ ಒಂದು ಶನಿವಾರ ಸಿಕ್ಕಿತು.

"ಜನ ನೋಡುದಿಲ್ವಾ ಟೀಚರೆ?" ಎಂದೆ.

"ನೋಡ್ಲಿ" ಎಂದರು ಅವರು. ಯಾರಾದರೂ ನೋಡುತ್ತಾರೆಂದು ಅಷ್ಟು ದಿನ ಜನರ ಓಡಾಟ ಶುರುವಾಗುವುದರೊಳಗೆ ಬಂದು ಹೋಗುತ್ತಿದ್ದವರು.

ನಾನು ಆಗಲಿ ಎಂದೆ. ಮನೆಗೆ ಹೋಗಿ ಪಂಚಾಂಗ ನೋಡಿದರೆ ಆ ಶನಿವಾರ ಅಮಾವಾಸ್ಯೆ. ಹುಣ್ಣಿಮೆ ಇರಬೇಕು ಎಂದು ನಾನೇ ಅಂದುಕೊಂಡು ಬಂದಿದ್ದೆ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಹೊಸ ಕೆಲಸ ಹಿಡಿಯುವುದಿಲ್ಲ, ದಾರಿ ಹೊರಡುವುದಿಲ್ಲ, ನೀರಿಗಂತೂ ಇಳಿಯುವುದಿಲ್ಲ. ಶನಿವಾರ ಬಿದ್ದ ಅಮಾವಾಸ್ಯೆಯಾದರೆ ಕೇಳುವುದೇ ಬೇಡ. ಇದೇ ನಾನು ತರಗತಿಯಲ್ಲಿ ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಏನೋ ಕೆಲಸ ಇರುತ್ತದೆ ಎಂದು ಮಕ್ಕಳನ್ನು ನಗಿಸುವವಳು. ಅಂಥ ದೊಡ್ಡ ಬಾಯಿಯವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಈಜು ಬರುವುದಿಲ್ಲ, ನೀರು ಎಂದಿಗಿಂತ ಹೆಚ್ಚು, ದಿನ ಇಂಥದು. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರಿಲ್ಲ.

ಹಾಗೆಂದು ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಗಣಿತದ ಟೀಚರ ಎದುರು, ಅದೂ ಬೇರೆ ಧರ್ಮದವರ ಎದುರು, ಅಮಾವಾಸ್ಯೆಗೆ ಹೆದರಿದೆ ಎಂದು ಹೇಗೆ ಹೇಳುವುದು? ಶುಕ್ರವಾರ ಸಂಜೆ ಫೋನ್ ಮಾಡಿ, "ಮೊಣಕಾಲು ಹಿಡಿದುಬಿಟ್ಟಿದೆ ಟೀಚರೆ, ನಾಳೆ ಆಗ್ಲಿಕ್ಕಿಲ್ಲ" ಎಂದೆ.

"ಎಣ್ಣೆ ಹಚ್ಚಿ ಮಲಗಿ. ಜೋರು ನೋವುಂಟಾ?" ಎಂದರು. ಜೋರು ಉಂಟು ಎಂದೆ.

ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಸೋಮವಾರದಿಂದ ನಾನು ಶಾಲೆಯಲ್ಲಿ ಕುಂಟಿದೆ. ಮೆಟ್ಟಿಲು ಹತ್ತುವಾಗ ಟೀಚರು ನನ್ನ ಪುಸ್ತಕಗಳನ್ನು ಎತ್ತಿಕೊಂಡರು. ಹುಣ್ಣಿಮೆಗೆ ಹೋಗುವ ಎಂದು ನನ್ನ ಮನಸ್ಸಿನಲ್ಲಿತ್ತು. ಆದರೆ ಅಷ್ಟು ಜೋರಾಗಿ ಕುಂಟುವವಳು ಹೊಳೆಯ ಮಾತೆತ್ತುವುದು ಹೇಗೆ? ಇನ್ನು ನಾಲ್ಕು ದಿನ ಕುಂಟಿ, ನೋವು ಇಳಿಯಿತು ಎಂದು ಹೇಳುವ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಅವರ ವೀಸಾ ಬಂತು. ಗಂಡ ಅವರನ್ನು ಕರೆಸಿಕೊಳ್ಳುವ ಮಾತು ಎರಡು ವರ್ಷದಿಂದ ಇತ್ತು, ಸಂಬಳವಿಲ್ಲದ ದೀರ್ಘ ರಜೆಗೂ ಬರೆದಾಗಿತ್ತು. ಬರುವ ವರ್ಷ ಎಂದೇ ನಾವಿಬ್ಬರೂ ತಿಳಿದಿದ್ದೆವು. ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಅವರು ಹೊರಟುಬಿಟ್ಟರು. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ, ಕುಂಟುವುದನ್ನು ಮರೆತು. ಅವರು ಅದನ್ನು ನೋಡಿದರು ಎಂದು ನನಗೆ ಅನಿಸಿತು. "ಹೊಳೆ ಬಿಡಬೇಡಿ ಟೀಚರೆ, ಸಕ್ಕರೆ ಮತ್ತೆ ಏರ್ತದೆ" ಎಂದು ಮಾತ್ರ ಹೇಳಿ ಒಳಗೆ ಹೋದರು.

ಬಿಡದೆ ಹೇಗಿರುವುದು? ಏಪ್ರಿಲಿನಲ್ಲಿ ಒಂದು ಸಲ ಹೋದೆ. ಯಜಮಾನರು ಅಭ್ಯಾಸದಿಂದ ಎರಡು ಹಲಗೆ ತಂದಿಟ್ಟರು. ಒಂದನ್ನು ವಾಪಸು ಒಳಗಿಡುವುದನ್ನು ನೋಡಲಾರದೆ, ಇವತ್ತು ಬೇಡ ಎಂದು ಮನೆಗೆ ಬಂದೆ. ಸ್ಟಾಫ್ ರೂಮಿನಲ್ಲಿ ಮೇಜಿನ ಆ ತುದಿಗೆ ಹೊಸಬರು ಬಂದು ಕೂತರು, ಒಳ್ಳೆಯವರೇ. ಏಕಾದಶಿಯ ದಿನ ಅವರು ಡಬ್ಬಿಯಲ್ಲಿ ಮೀನು ತಂದರೆ ನನಗೆ ವಾಸನೆಯ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಟೀಚರ ನೆನಪು ಬರುತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿದ್ದವರನ್ನು ನಾನು ಎಷ್ಟು ಆಧರಿಸಿ ನಿಂತಿದ್ದೆ ಎಂದು ಅವರು ಹೋದ ಮೇಲೆ ಗೊತ್ತಾಯಿತು. ಮಳೆಗಾಲವಿಡೀ ಸೇತುವೆ ದಾಟುವಾಗ ಬಸ್ಸಿನಲ್ಲಿ ಕಡವು ಕಾಣದ ಬದಿಯ ಸೀಟು ಹುಡುಕಿ ಕೂರುತ್ತಿದ್ದೆ.

ಮಳೆ ಮುಗಿಯಿತು. ದೀಪಾವಳಿಯ ಅಮಾವಾಸ್ಯೆ ಬಂತು. ಅದು ಹಬ್ಬದ ದಿನ, ಆ ದಿನ ಹೋದರೆ ಲೆಕ್ಕಕ್ಕಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ಅದರ ಮುಂದಿನ ಅಮಾವಾಸ್ಯೆಗೆ ಶಾಲೆಗೆ ರಜೆ ಹಾಕಿ ಹೋದೆ. ಹನ್ನೊಂದು ಗಂಟೆಯ ಬಿಸಿಲು. ಸೇತುವೆಯ ಮೇಲೆ ಬಸ್ಸುಗಳು, ದಡದಲ್ಲಿ ಬಲೆ ಬಿಡಿಸುವ ಗಂಡಸರು, ಎಲ್ಲರೂ ಕಾಣುವಂತೆ. ಕಾಲು ನೋಡಲಿಲ್ಲ, ದೂರ ನೋಡಿದೆ. ಹೊಳೆ ಅಷ್ಟು ತುಂಬಿದ್ದನ್ನು ನಾನು ಕಂಡಿರಲಿಲ್ಲ. ಕೆಸರು ಎಲ್ಲಿತ್ತು ಎಂದೇ ತಿಳಿಯಲಿಲ್ಲ. ಹಲಗೆಯ ಮೂತಿ ಮೆಟ್ಟಿಲಿಗೆ ತಾಗಿ ಮೆಲ್ಲನೆ ಸದ್ದಾಯಿತು.

ಇಳಿದು ಕೂತೆ. ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ನನ್ನ ತವರಲ್ಲ, ನನ್ನ ತಾಯಿಯಲ್ಲ, ನನ್ನ ಹೊಳೆಯೂ ಅಲ್ಲ. ಬರಬೇಕಾದವರನ್ನು ಹಿಂದೆ ಉಳಿಸಿ ನಾನು ಬಂದು ಕೂತಿದ್ದೆ.

ಮನೆಗೆ ಬಂದು ಅವರಿಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ. ಕಡವಿಗೆ ಹೋದದ್ದು, ನೀರು ನಾಲ್ಕನೆಯ ಮೆಟ್ಟಿಲು ಮುಟ್ಟಿದ್ದು. ಕೊನೆಗೆ, ಆ ಶನಿವಾರ ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ, ಅಮಾವಾಸ್ಯೆ ಎಂದು ಹೆದರಿ ಸುಳ್ಳು ಹೇಳಿದೆ, ಕ್ಷಮಿಸಿ ಎಂದೆ.

ಉತ್ತರ ಬರಲು ಎರಡು ದಿನ ಹಿಡಿಯಿತು. ಮೊದಲು ಅವರು ನಕ್ಕರು, ಅದೇ ಹಳೆಯ ನಗು. ಆಮೇಲೆ ಹೇಳಿದರು.

"ಆ ಶನಿವಾರ ನಾನು ಒಬ್ಬಳೇ ಹೋಗಿದ್ದೆ ಟೀಚರೆ. ನಿಮಗೆ ಬೇಸರ ಆದೀತು ಅಂತ ಹೇಳ್ಲಿಲ್ಲ. ನೀರು ಮೆಟ್ಟಿಲು ಮುಟ್ಟಿತ್ತು. ನಡುಹೊಳೆವರೆಗೆ ಹೋಗಿ ವಾಪಸ್ ಬಂದೆ. ಮುಂದೆ ನೋಡಿದ್ರೆ ಉಮ್ಮ ಇಲ್ಲ, ಪಕ್ಕಕ್ಕೆ ನೋಡಿದ್ರೆ ನೀವಿಲ್ಲ. ಹೇಗೆ ಹೋಗುದು? ಅಮಾಸೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾನು ನಿಮಗೆ ಬೈದು, ಹುಣ್ಣಿಮೆ ಕಳೆದ ಮೇಲೆ ಟಿಕೆಟ್ ಮಾಡ್ಲಿಕ್ಕೆ ಹೇಳ್ತಿದ್ದೆ. ಇವ್ರು ತಾರೀಕು ಯಾವುದು ಅಂತ ನನ್ನನ್ನೇ ಕೇಳಿದ್ದು. ನೀವು ಮೊಣಕಾಲು ಅಂದ್ರಿ. ಮೊಣಕಾಲಿಗೆ ಹುಣ್ಣಿಮೆ ಇಲ್ವಲ್ಲ ಟೀಚರೆ, ಎಷ್ಟು ದಿವಸ ಅಂತ ಕಾಯುದು?"